ಊರಿನ ಸಂಗ್ರಹಾಲಯದಲ್ಲಿ ಏನೇನು ಇಡಬಹುದು?

ಪ್ರಶ್ನೆ: ನಮ್ಮೂರಿನ ಹಳೆಯ ಶಾಲಾ ಕೊಠಡಿಯಲ್ಲಿ ಸ್ಥಳೀಯ ಇತಿಹಾಸದ ಸಣ್ಣ ಸಂಗ್ರಹಾಲಯವೊಂದನ್ನು ತೆರೆಯುವ ಸಿದ್ಧತೆ ನಡೆದಿದೆ. ಮನೆಗಳಿಂದ ಕೊಳಗ, ಸೇರು, ಪಾವು, ಆಲೆಮನೆಯ ಬೆಲ್ಲದ ಅಚ್ಚು, ಎರಡು ಕಡತ ಬಂದಿವೆ. ಹೆಸರುವಾಸಿಯಾದ ಆತಕೂರಿನ ಶಾಸನ ಬೆಂಗಳೂರು ಸೇರಿದೆ. ಅರಸರ ಕತ್ತಿ ಗುರಾಣಿಗಳು ನಮ್ಮಲ್ಲಿಲ್ಲ. ಇಷ್ಟಕ್ಕೇ ಜನ ಬರುತ್ತಾರೆಯೇ? ಕೆರೆ ಏರಿಯ ವೀರಗಲ್ಲನ್ನು ತಂದಿಡಬಹುದೇ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ವೀರಗಲ್ಲಿನ ವಿಷಯ ಮೊದಲು. ಅದನ್ನು ಕದಲಿಸಬೇಡಿ. ನೂರು ವರ್ಷ ದಾಟಿದ ಶಿಲ್ಪಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಬರೆದು ಕೇಳಿ. ಅಲ್ಲಿಯವರೆಗೆ ಫೋಟೊ ಸಾಕು. ಆತಕೂರಿನ ಶಾಸನಕ್ಕೂ ಫೋಟೊವೇ ದಾರಿ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಯೋಧ ಮಣಲೆರ, ಬಹುಮಾನವಾಗಿ ಬೇಡಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಎರಡೂ ಸತ್ತಾಗ, ಸುಮಾರು ಕ್ರಿ.ಶ. 950ರಲ್ಲಿ, ಅದರ ನೆನಪಿಗೆ ನೆಟ್ಟ ಕಲ್ಲು ಅದು. ಸ್ಪಷ್ಟವಾದ ದೊಡ್ಡ ಚಿತ್ರವೊಂದನ್ನು ತೂಗುಹಾಕಿ, ಕೆಳಗೆ ಈ ಕಥೆಯನ್ನು ಬರೆದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಅರಸರ ವಸ್ತುಗಳಿಲ್ಲವೆಂಬ ಕೊರಗು ಬೇಡ. ಮೈಸೂರಿನಲ್ಲಿ ರಾಜಕುಮಾರಿಗೆಂದು ಕಟ್ಟಿಸಿದ ಜಯಲಕ್ಷ್ಮಿ ವಿಲಾಸದಲ್ಲೇ 1968ರಲ್ಲಿ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಆರಂಭವಾಗಿ, ರೈತರ, ಕಸುಬುದಾರರ ಮನೆಯ ಸಾಮಾನುಗಳು ಅರಮನೆಯೊಳಗೆ ಕುಳಿತವು!

ನಿಮ್ಮ ಬೆಲ್ಲದ ಅಚ್ಚಿಗೆ ಹೇಳಿಕೊಳ್ಳಲು ದೊಡ್ಡ ಕಥೆಯೇ ಇದೆ. ಕನ್ನಂಬಾಡಿಯ ನೀರು ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಅಚ್ಚಿನ ಪಕ್ಕದಲ್ಲಿ ನಿಮ್ಮೂರಿಗೆ ನಾಲೆಯ ನೀರು ಬಂದ ವರ್ಷ, ಗಾಣ ಯಾರ ಹಿತ್ತಿಲಲ್ಲಿತ್ತು, ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುತ್ತಿದ್ದವರು ಯಾರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿ. ‘ಪುರಾತನ ಬೆಲ್ಲದ ಅಚ್ಚು’ ಎಂದಷ್ಟೇ ಬರೆದ ಚೀಟಿ ನೋಡುವವರಿಗೆ ಏನನ್ನೂ ತಿಳಿಸುವುದಿಲ್ಲ.

ಕೊಳಗ, ಸೇರುಗಳನ್ನು ಹೊಳೆಯಲೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅಂಚಿನಲ್ಲಿ ಕೊರೆದ ಹೆಸರೋ ಮುದ್ರೆಯೋ ಇದ್ದರೆ ಸವೆದುಹೋದೀತು. ಕೊಳಗದ ಅಳತೆ ಊರಿನಿಂದೂರಿಗೆ ಬೇರೆಯಾಗಿತ್ತಾದ್ದರಿಂದ, ನಿಮ್ಮದರಲ್ಲಿ ಎಷ್ಟು ಸೇರು ರಾಗಿ ಹಿಡಿಯುತ್ತದೆಂದು ಅಳೆದು ಚೀಟಿಯಲ್ಲಿ ಹಾಕಿ.

ನನಗೆ ಎಲ್ಲಕ್ಕಿಂತ ಆಸೆ ಹುಟ್ಟಿಸಿದ್ದು ಆ ಎರಡು ಕಡತಗಳು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕಗಳವು. ಒದ್ದೆ ಕೈ ಸೋಕಿದರೆ ಅಕ್ಷರ ಅಳಿಯುತ್ತದೆ, ಅಂಟಿನ ಆಸೆಗೆ ಹುಳು ಮುತ್ತುತ್ತದೆ. ಆದ್ದರಿಂದ ತೆರೆದು ಪ್ರದರ್ಶಿಸುವ ಮೊದಲು ಪ್ರತಿಯೊಂದು ಮಡಿಕೆಯ ಫೋಟೊ ತೆಗೆದು, ಹಳೆಯ ಬರಹ ಓದಬಲ್ಲವರಿಂದ ಓದಿಸಿ, ಅದರ ಪ್ರತಿಯನ್ನು ಗೋಡೆಗೆ ಹಾಕಿ. ಮೂಲವನ್ನು ಬಿಸಿಲು ಬೀಳದ ಗಾಜಿನ ಪೆಟ್ಟಿಗೆಯಲ್ಲಿ, ಒಂದೇ ಮಡಿಕೆ ಕಾಣುವಂತೆ ಬಿಡಿಸಿಡಿ.