ನಾಲ್ಕನೇ ಹಾಡಿಗೆ ನಿಲ್ಲಿಸಿದವರಿಗೆ

ಓದುಗರ ಪತ್ರ: ಷಿಕಾಗೋದ ಹಾರ್ಸ್‌ಗರ್ಲ್ ಬ್ಯಾಂಡಿನ ‘ಫೊನೆಟಿಕ್ಸ್ ಆನ್ ಅಂಡ್ ಆನ್’ ಆಲ್ಬಂ ನನಗೆ ತುಂಬಾ ಹಿಡಿಸಿದೆ. ಕಾಲೇಜಿನ ಸೀನಿಯರ್ ಒಬ್ಬರು ‘ಇದೆಲ್ಲ ಹಳೇ ಸರಕು, ಮೊದಲು ವೆಲ್ವೆಟ್ ಅಂಡರ್‌ಗ್ರೌಂಡ್ ಕೇಳು, ಆಮೇಲೆ ಮಾತಾಡು’ ಅಂದರು. ಅವರ ಮೊದಲ ಆಲ್ಬಂ ಹಾಕಿದೆ. ನಾಲ್ಕನೇ ಹಾಡಿಗೆ ತಲೆ ಚಿಟ್ಟು ಹಿಡಿದು ನಿಲ್ಲಿಸಿಬಿಟ್ಟೆ. ನಿಮ್ಮ ಪತ್ರಿಕೆಯ ವಿಮರ್ಶೆಗಳಲ್ಲೂ ಒಂದು ಹೊಸ ಹಾಡಿಗೆ ಐದಾರು ಹಳೇ ಬ್ಯಾಂಡ್‌ಗಳ ಹೆಸರು ಇದ್ದೇ ಇರುತ್ತವೆ. ಅವನ್ನೆಲ್ಲ ಕೇಳದೆ ಹೊಸದನ್ನು ಇಷ್ಟಪಡಬಾರದೇ? ಹೊಸ ಬ್ಯಾಂಡ್‌ಗಳನ್ನು ಹುಡುಕುವುದಾದರೂ ಹೇಗೆ? ಮನೆಯಲ್ಲಿ ಬೇರೆ, ಭೀಮಸೇನ ಜೋಶಿ ಬಿಟ್ಟು ಇನ್ನೇನೂ ಕೇಳದ ಅಪ್ಪ ‘ಇದೆಂಥಾ ಗದ್ದಲ’ ಅನ್ನುತ್ತಾರೆ.
— ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ಪ್ರೀತಿಯ ಓದುಗರೇ,

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಧಾರಾಳವಾಗಿ ಇಷ್ಟಪಡಿ. ಹೊಸ ಹಾಡನ್ನು ಮೆಚ್ಚಲು ಹಳೇ ಹಾಡುಗಳ ಪರೀಕ್ಷೆ ಪಾಸಾಗಬೇಕಿಲ್ಲ. ಇಂಥ ಷರತ್ತು ಕೇಳಿಯೇ ಎಷ್ಟೋ ಮಂದಿ ಈ ಸಂಗೀತದ ಸಹವಾಸಕ್ಕೇ ಬರುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ದೊಡ್ಡ ಕಂಪನಿ, ಜಾಸ್ತಿ ದುಡ್ಡು, ವರ್ಷಗಟ್ಟಲೆ ತಾಲೀಮು ಇಲ್ಲದವರೂ ಹಾಡು ಕಟ್ಟಬಹುದು ಅನ್ನುವ ನಂಬಿಕೆಯ ಮೇಲೆ ಇಂಡೀ ರಾಕ್ ಬೆಳೆಯಿತು. ಅದನ್ನು ಕೇಳುವವರಿಗೆ ಅರ್ಹತೆ ನಿಗದಿ ಮಾಡುವುದು ಯಾವ ನ್ಯಾಯ?

ನಿಮ್ಮ ಸೀನಿಯರ್ ಮಾತಿನಲ್ಲಿ ಅರ್ಧ ನಿಜ ಇದೆ. ಹಾರ್ಸ್‌ಗರ್ಲ್ ಬೆನ್ನಿಗೆ ಹಳೇ ಬ್ಯಾಂಡ್‌ಗಳು ಇವೆ. ಅವರೇ ಅದನ್ನು ಮುಚ್ಚಿಟ್ಟಿಲ್ಲ. 2022ರಲ್ಲಿ ಬಂದ ಅವರ ಮೊದಲ ಆಲ್ಬಂ ‘ವರ್ಷನ್ಸ್ ಆಫ್ ಮಾಡರ್ನ್ ಪರ್ಫಾರ್ಮೆನ್ಸ್’ ನೀವಿನ್ನೂ ಕೇಳಿಲ್ಲ ಅಂತ ಪತ್ರ ಓದಿದರೆ ಅನ್ನಿಸುತ್ತದೆ. ಅದರಲ್ಲಿ ಸೋನಿಕ್ ಯೂತ್ ಬ್ಯಾಂಡಿನ ಲೀ ರನಾಲ್ಡೋ ಮತ್ತು ಸ್ಟೀವ್ ಶೆಲ್ಲಿ ಅತಿಥಿಗಳಾಗಿ ನುಡಿಸಿದ್ದಾರೆ. ಸೋನಿಕ್ ಯೂತ್ 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಬ್ಯಾಂಡ್. ಅವರ ಹತ್ತಿರ ಇದ್ದದ್ದು ಅಗ್ಗದ ಗಿಟಾರ್‌ಗಳು, ಸರಿಯಾಗಿ ಶ್ರುತಿ ನಿಲ್ಲದವು. ಹಾಗಾಗಿ ತಮಗೆ ಬೇಕಾದ ಹಾಗೆ ಶ್ರುತಿ ಮಾಡಿಕೊಂಡರು, ತಂತಿಗಳ ಕೆಳಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ನುಡಿಸಿದರು. ಹಾರ್ಸ್‌ಗರ್ಲ್‌ನ ಆ ಮೊದಲ ಆಲ್ಬಂನಲ್ಲಿ ಗಿಟಾರ್ ಸದ್ದು ಹಾಗೇ ದಟ್ಟವಾಗಿದೆ. ಹಾಡುವ ದನಿ ಅದರೊಳಗೆ ಮುಳುಗಿ ಏಳುತ್ತದೆ.

ಮೂರು ವರ್ಷದ ನಂತರ ಬಂದದ್ದು ನಿಮಗೆ ಹಿಡಿಸಿದ ಆಲ್ಬಂ. ಅದರಲ್ಲಿ ಆ ದಟ್ಟಣೆ ಎಲ್ಲಿದೆ ಹೇಳಿ? ಡ್ರಮ್ಸ್ ಬೇಕಾದಷ್ಟೇ. ಒಂದು ಗಿಟಾರ್ ನಿಂತ ಮೇಲೆ ಇನ್ನೊಂದು ಮಾತಾಡುತ್ತದೆ. ಸಾಹಿತ್ಯದ ಜಾಗದಲ್ಲಿ ಎಷ್ಟೋ ಕಡೆ ಬರೀ ‘ಡಾ ಡಾ ಡಾ’. ನಡುವೆ ಒಂದು ಪಿಟೀಲು, ಯಾರೋ ಈಗಷ್ಟೇ ಕಲಿಯುತ್ತಿರುವ ಹಾಗೆ ಕೆರೆಯುತ್ತದೆ. ಬರೀ ನಕಲು ಮಾಡುವ ಬ್ಯಾಂಡ್ ಆಗಿದ್ದರೆ ಮೊದಲ ಸಲ ಹೆಸರು ತಂದುಕೊಟ್ಟ ಸದ್ದನ್ನೇ ಇನ್ನೂ ಜೋರು ಮಾಡುತ್ತಿದ್ದರು. ಇವರು ಅದನ್ನು ಬಿಟ್ಟುಕೊಟ್ಟು ಬೇರೆ ಹಿರಿಯರ ಮನೆಗೆ ಹೋದರು. ಸಂಗೀತದಲ್ಲಿ ಪೂರ್ವಜರನ್ನು ನಾವೇ ಆರಿಸಿಕೊಳ್ಳಬಹುದು. ಯಾರನ್ನು ಆರಿಸಿಕೊಂಡರು, ಅವರಿಂದ ಏನು ತಗೊಂಡರು, ಏನು ಬಿಟ್ಟರು ಅನ್ನುವುದರಲ್ಲೇ ಒಂದು ಬ್ಯಾಂಡಿನ ಗುಣ ಗೊತ್ತಾಗುತ್ತದೆ.

ಈಗ ನಿಮ್ಮ ತಲೆ ಚಿಟ್ಟು ಹಿಡಿಸಿದ ನಾಲ್ಕನೇ ಹಾಡಿಗೆ ಬರೋಣ. ಅದು ‘ವೀನಸ್ ಇನ್ ಫರ್ಸ್’. ಆಲ್ಬಂ ಬಂದದ್ದು 1967ರಲ್ಲಿ. ಅಲ್ಲಿ ನಿಮ್ಮನ್ನು ಕಾಡಿದ ಸದ್ದು ಗಿಟಾರಿನದ್ದಲ್ಲ, ವಯೋಲಾದ್ದು. ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ. ನುಡಿಸಿದವರು ವೇಲ್ಸ್‌ನಿಂದ ನ್ಯೂಯಾರ್ಕ್‌ಗೆ ಬಂದಿದ್ದ ಜಾನ್ ಕೇಲ್. ಅದಕ್ಕೆ ಅವರು ಗಿಟಾರ್ ಮತ್ತು ಮ್ಯಾಂಡೊಲಿನ್ ತಂತಿಗಳನ್ನು ಹಾಕಿಕೊಂಡಿದ್ದರು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಚಪ್ಪಟೆ ಮಾಡಿದ್ದರು. ಹಾಗೆ ಮಾಡಿದರೆ ಕಮಾನು ಒಂದೇ ಎಳೆತಕ್ಕೆ ಹಲವು ತಂತಿಗಳನ್ನು ಮುಟ್ಟುತ್ತದೆ. ಸ್ವರ ಕಡಿಯದೆ ಹರಿಯುತ್ತದೆ. ಬ್ಯಾಂಡಿನ ಹಾಡುಗಾರ ಲೂ ರೀಡ್ ಅದಕ್ಕೂ ಮೊದಲೇ ಗಿಟಾರಿನ ಆರೂ ತಂತಿಗಳನ್ನು ಒಂದೇ ಸ್ವರಕ್ಕೆ ಶ್ರುತಿ ಮಾಡಿ ಒಂದು ಹಾಡು ರೆಕಾರ್ಡ್ ಮಾಡಿದ್ದರು. ಇಬ್ಬರೂ ಒಂದು ಕಡೆ ಸೇರಿದಾಗ ಹಾಡಿನ ಕೆಳಗೆ ಒಂದು ಸ್ವರ ಸದಾ ಗುಂಯ್‌ಗುಡುತ್ತಾ ಇರುವ ಸಂಗೀತ ಹುಟ್ಟಿತು.

ಕೇಲ್‌ಗೆ ಇದು ಸುಮ್ನೆ ಹೊಳೆದದ್ದಲ್ಲ. ವೆಲ್ವೆಟ್ಸ್‌ಗಿಂತ ಮೊದಲು ಅವರು ಲಾ ಮಾಂಟ್ ಯಂಗ್ ಎಂಬ ಸಂಯೋಜಕರ ಗುಂಪಿನಲ್ಲಿದ್ದರು. ಅಲ್ಲಿ ಗಂಟೆಗಟ್ಟಲೆ ಒಂದೇ ಸ್ವರ ಹಿಡಿದು ಕೂರುವುದೇ ಅಭ್ಯಾಸ. ಯಾವುದಕ್ಕೆ ಶ್ರುತಿ ಸೇರಿಸುತ್ತಿದ್ದರು ಗೊತ್ತಾ? ಅಮೆರಿಕದ ಮನೆಗಳ ಕರೆಂಟಿನ 60 ಹರ್ಟ್ಸ್ ಗುಂಗಿಗೆ, ಫ್ರಿಜ್‌ನಿಂದ ಬರುವ ಸದ್ದಿಗೆ. ನಮ್ಮಲ್ಲಿ ತಂಬೂರಿ ಮಾಡುವ ಕೆಲಸವನ್ನು ಅಲ್ಲಿ ಫ್ರಿಜ್ ಮಾಡಿತು. ಯಂಗ್‌ಗೆ ತಂಬೂರಿಯೂ ಗೊತ್ತಿತ್ತು. 1950ರ ದಶಕದಲ್ಲಿ ಅಲಿ ಅಕ್ಬರ್ ಖಾನ್ ಅವರ ರೆಕಾರ್ಡ್ ಕೇಳಿ ಅದಕ್ಕೆ ಮನಸೋತವರು ಅವರು. ಮುಂದೆ 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥ್ ಅಮೆರಿಕಕ್ಕೆ ಹೋದಾಗ ಯಂಗ್ ಆ ಗಾಯಕರಿಗೆ ಶಿಷ್ಯರೇ ಆಗಿಬಿಟ್ಟರು.

ಪ್ರಾಣನಾಥ್ ಯಾವ ಘರಾಣೆ ಅಂತ ನಿಮ್ಮ ತಂದೆಯವರನ್ನು ಕೇಳಿ. ಕಿರಾಣಾ. ಅಬ್ದುಲ್ ವಾಹಿದ್ ಖಾನ್ ಅವರ ಶಿಷ್ಯರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನ್ ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಒಂದೊಂದೇ ಸ್ವರದ ಮೇಲೆ ನಿಂತು, ಅವಸರ ಮಾಡದೆ ಆಲಾಪ ಬೆಳೆಸುವುದು ಈ ಘರಾಣೆಯ ಹೆಗ್ಗಳಿಕೆ ಅಲ್ವಾ? ಹಾಗಂತ ವೆಲ್ವೆಟ್ಸ್‌ಗೆ ಕಿರಾಣಾ ಘರಾಣೆಯ ಪ್ರಭಾವ ಇದೆ ಅಂತ ನಾನು ಹೇಳುತ್ತಿಲ್ಲ. ಪ್ರಾಣನಾಥ್ ಅಲ್ಲಿಗೆ ಹೋಗುವ ಹೊತ್ತಿಗೆ ಕೇಲ್ ಯಂಗ್ ಅವರ ಗುಂಪನ್ನೂ ಬಿಟ್ಟಿದ್ದರು, ವೆಲ್ವೆಟ್ಸ್ ಬ್ಯಾಂಡನ್ನೂ ಬಿಟ್ಟಿದ್ದರು. ನಿಮ್ಮ ಮನೆಯ ಎರಡು ಕೋಣೆಗಳಲ್ಲಿ ಕೇಳಿಸುವ ಸಂಗೀತಗಳ ನಡುವೆ ಒಬ್ಬರೇ ಒಬ್ಬರು ನಿಂತಿದ್ದಾರೆ, ಅವರು ಎರಡೂ ಕಡೆಯವರಿಗೆ ಬೇಕಾದವರು. ಇಷ್ಟು ಮಾತ್ರ ಹೇಳಬಹುದು, ಇಷ್ಟಾದರೂ ದೊಡ್ಡದೇ.

ಇಷ್ಟೆಲ್ಲ ತಿಳಿದರೂ ‘ವೀನಸ್ ಇನ್ ಫರ್ಸ್’ ನಿಮಗೆ ಹಿಡಿಸಲೇಬೇಕು ಅಂತಿಲ್ಲ. ಈಗಲೇ ಅದಕ್ಕೆ ಮರಳಬೇಡಿ ಅಂತಲೇ ಹೇಳುತ್ತೇನೆ. ವೆಲ್ವೆಟ್ಸ್‌ಗೆ ಇನ್ನೊಂದು ಬಾಗಿಲು ಇದೆ. ಲೂ ರೀಡ್ ಮೊದಲು ಪಿಕ್‌ವಿಕ್ ಎಂಬ ಅಗ್ಗದ ರೆಕಾರ್ಡ್ ಕಂಪನಿಯಲ್ಲಿ ಕೂತು ಪಾಪ್ ಹಾಡು ಬರೆಯುವ ಕೆಲಸ ಮಾಡಿದವರು. ಎರಡೇ ನಿಮಿಷದಲ್ಲಿ ಮನಸ್ಸಿಗೆ ಅಂಟುವ ಹಾಡು ಕಟ್ಟುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೇಲ್ ಹೋದ ಮೇಲೆ, 1969ರಲ್ಲಿ, ಬ್ಯಾಂಡಿನ ಹೆಸರನ್ನೇ ಹೊತ್ತು ಬಂದ ಮೂರನೇ ಆಲ್ಬಂ ಕೇಳಿ. ಮೆತ್ತಗಿದೆ. ಕೋಣೆಯಲ್ಲಿ ಪಕ್ಕದಲ್ಲೇ ಕೂತು ಹಾಡಿದ ಹಾಗಿದೆ. ಕೊನೆಯ ಹಾಡನ್ನು ಹಾಡಿದವರು ಡ್ರಮ್ಸ್ ನುಡಿಸುತ್ತಿದ್ದ ಮೊರೀನ್ ಟಕರ್. ಗಾಯಕಿ ಅನ್ನಿಸಿಕೊಳ್ಳುವ ಯಾವ ಪ್ರಯತ್ನವೂ ಇಲ್ಲದ ದನಿ. ಹಾರ್ಸ್‌ಗರ್ಲ್ ಹಾಡುವ ರೀತಿ ನಿಮಗೆ ಅಲ್ಲೇ ನೆನಪಾದರೆ ನನಗೆ ಆಶ್ಚರ್ಯವಿಲ್ಲ.

ಟಕರ್ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಅವರು ನಿಂತು ನುಡಿಸುತ್ತಿದ್ದರು. ಬಾಸ್ ಡ್ರಮ್ಮನ್ನು ಮಲಗಿಸಿ, ದಪ್ಪ ತಲೆಯ ಕೋಲುಗಳಿಂದ ಬಡಿಯುತ್ತಿದ್ದರು. ಝಲ್ಲೆನ್ನುವ ಸಿಂಬಲ್ ತೀರಾ ಅಪರೂಪ. ನೈಜೀರಿಯಾದ ಬಾಬಟುಂಡೆ ಒಲಟುಂಜಿ ಅವರ ಡ್ರಮ್ಸ್, ಬೋ ಡಿಡ್ಲಿಯ ರಾಕ್ ಅಂಡ್ ರೋಲ್, ಇವೆರಡೂ ಅವರಿಗೆ ಪ್ರಾಣ. ಡ್ರಮ್ಸ್ ಎಂದರೆ ಅಬ್ಬರ ಅಂದುಕೊಂಡವರ ನಡುವೆ ಅವರು ಬೇಡದ್ದನ್ನೆಲ್ಲ ತೆಗೆದುಹಾಕಿದರು. ಇಂದಿಗೂ ಎಷ್ಟೋ ಇಂಡೀ ಬ್ಯಾಂಡ್‌ಗಳ ತಾಳದಲ್ಲಿ ಅವರ ಕೈ ಕೇಳಿಸುತ್ತದೆ. ಅವರ ಹೆಸರು ಹೇಳುವವರು ಮಾತ್ರ ಕಡಿಮೆ.

ಇನ್ನು ಆ ಪಿಟೀಲು. ಅದರ ಜಾಡು ಹಿಡಿದರೆ ನೀವು ಲಂಡನ್‌ಗೆ ಹೋಗುತ್ತೀರಿ. ಆನಾ ಡ ಸಿಲ್ವಾ ಮತ್ತು ಜೀನಾ ಬರ್ಚ್ 1977ರಲ್ಲಿ ಕಟ್ಟಿದ ಬ್ಯಾಂಡ್ ದಿ ರೇನ್‌ಕೋಟ್ಸ್. ವಿಕಿ ಆಸ್ಪಿನಾಲ್ ಶಾಸ್ತ್ರೀಯವಾಗಿ ಪಿಟೀಲು ಕಲಿತು ಬಂದವರು. ಆದರೆ ಈ ಬ್ಯಾಂಡಿನಲ್ಲಿ ಕಮಾನನ್ನು ಒರಟಾಗಿ ಎಳೆದರು. ಪಂಕ್ ಬ್ಯಾಂಡಿನ ನಡುವೆ ಕೇಲ್ ವಯೋಲಾ ಎದ್ದು ಬಂದ ಹಾಗೆ. 1979ರ ಅವರ ಮೊದಲ ಆಲ್ಬಂನಲ್ಲಿ ಹಾಡುಗಳು ಈಗ ಬೀಳುತ್ತವೆ, ಇನ್ನೇನು ಬಿದ್ದವು ಅನ್ನಿಸುತ್ತವೆ. ಬೀಳುವುದಿಲ್ಲ. ಅವರು ಬ್ರಿಟನ್ನಿನ ಹಳೇ ಬ್ಯಾಂಡ್ ದಿ ಕಿಂಕ್ಸ್‌ನ ಒಂದು ಪ್ರಸಿದ್ಧ ಹಾಡನ್ನೂ ಹಾಡಿದ್ದಾರೆ. ಮೂಲದ ಹಾಗೆ ನುಡಿಸಲು ಅವರಿಗೆ ಆಗುತ್ತಿರಲಿಲ್ಲ, ಹಾಗೆ ನುಡಿಸುವ ಆಸೆಯೂ ಇರಲಿಲ್ಲ. ಆ ಹಾಡು ಹೊಸದಾದದ್ದು ಹಾಗೆ. ಪ್ರಭಾವದ ವಿಷಯದಲ್ಲಿ ನನ್ನ ನಂಬಿಕೆ ಇದೇ: ಹಿರಿಯರ ಹಾಗೆ ಮಾಡಲು ಹೋಗಿ ಕೈ ತಪ್ಪಿದ ಜಾಗದಲ್ಲಿ ಕಿರಿಯರ ಸ್ವಂತದ್ದು ಶುರುವಾಗುತ್ತದೆ. ಹೊಸ ಬ್ಯಾಂಡ್ ಕೇಳುವಾಗ ನಾನು ಹುಡುಕುವುದು ಆ ಜಾಗವನ್ನು.

ರೇನ್‌ಕೋಟ್ಸ್ 80ರ ದಶಕದಲ್ಲೇ ಚದುರಿಹೋಯಿತು. 1992ರಲ್ಲಿ ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ಲಂಡನ್ನಿನ ರಫ್ ಟ್ರೇಡ್ ಎಂಬ ರೆಕಾರ್ಡ್ ಅಂಗಡಿಗೆ ಹೋಗಿ ರೇನ್‌ಕೋಟ್ಸ್ ರೆಕಾರ್ಡ್ ಇದೆಯಾ ಅಂತ ಕೇಳಿದರು. ಆಗ ಕೋಬೇನ್ ಜಗತ್ತಿಗೇ ಗೊತ್ತಿದ್ದ ಹೆಸರು. ರೆಕಾರ್ಡ್ ಇರಲಿಲ್ಲ. ಆನಾ ಹತ್ತಿರದಲ್ಲೇ ಕಸಿನ್ ಒಬ್ಬರ ಹಳೇ ವಸ್ತುಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ ಅಂತ ಅಂಗಡಿಯವರು ದಾರಿ ತೋರಿಸಿದರು. ಕೋಬೇನ್ ಅಲ್ಲಿಗೇ ಹೋಗಿ ಮಾತಾಡಿಸಿದರು. ಮರುವರ್ಷ ಆ ಆಲ್ಬಂ ಮತ್ತೆ ಅಚ್ಚಾಯಿತು, ಅದಕ್ಕೆ ಅವರೇ ಟಿಪ್ಪಣಿ ಬರೆದುಕೊಟ್ಟರು. ಬ್ಯಾಂಡ್ ಮತ್ತೆ ಒಂದಾಗಿ 1996ರಲ್ಲಿ ಹೊಸ ಆಲ್ಬಂ ಮಾಡಿತು. ಹಳೆಯವರು ಹೊಸಬರಿಗೆ ಕೊಟ್ಟದ್ದನ್ನು ಹೊಸಬರು ಹೀಗೂ ತೀರಿಸುತ್ತಾರೆ.

ವಿಮರ್ಶೆಯಲ್ಲಿ ಹೆಸರು ಯಾಕೆ ಅಂತ ಕೇಳಿದ್ದೀರಿ. ಇದಕ್ಕೇ. ಆ ಹೆಸರುಗಳು ನೀವು ಹೋಗಬಹುದಾದ ಮನೆಗಳ ವಿಳಾಸ. ಎಲ್ಲ ಮನೆಗೂ ಹೋಗಬೇಕಿಲ್ಲ. ನಿಮಗೆ ಇಷ್ಟವಾದ ಒಂದು ಸದ್ದನ್ನು ಹಿಡಿಯಿರಿ, ಅದು ಎಲ್ಲಿಂದ ಬಂತೋ ಅಲ್ಲಿಗೆ ಮಾತ್ರ ಹೋಗಿ. ‘ಮೊದಲು ಇದನ್ನು ಕೇಳು’ ಅನ್ನುವ ಪಟ್ಟಿಗಳು ಬೇಗ ಸುಸ್ತು ಮಾಡುತ್ತವೆ.

ಹೊಸದನ್ನು ಹುಡುಕಲೂ ಇದೇ ದಾರಿ. ಸ್ಟ್ರೀಮಿಂಗ್ ಆ್ಯಪ್‌ಗಳು ‘ಇದು ನಿಮಗೆ ಇಷ್ಟವಾಗಬಹುದು’ ಅಂತ ಕೊಡುವುದು ಸಾಮಾನ್ಯವಾಗಿ ಅಕ್ಕಪಕ್ಕದ್ದನ್ನೇ. ಅದೇ ವೇಗ, ಅದೇ ಮೂಡ್. ಹಿಂದಕ್ಕೂ ದೂರಕ್ಕೂ ಕರೆದೊಯ್ಯುವುದು ಕಡಿಮೆ. ಅದಕ್ಕೆ ಜನರ ಹೆಸರು ಬೇಕು. ನಿಮ್ಮ ಆಲ್ಬಂನ ನಿರ್ಮಾಪಕಿ ಯಾರು ಅಂತ ನೋಡಿದಿರಾ? ಕೇಟ್ ಲೆ ಬಾನ್. ಅವರೂ ವೇಲ್ಸ್‌ನವರೇ. 2025ರಲ್ಲಿ ಬಂದ ಅವರದೇ ಆಲ್ಬಂ ‘ಮೈಕೆಲ್ಯಾಂಜೆಲೊ ಡೈಯಿಂಗ್’ನ ಒಂದು ಹಾಡಿನಲ್ಲಿ ಅವರ ಜೊತೆ ಜಾನ್ ಕೇಲ್ ಇದ್ದಾರೆ. 80 ದಾಟಿದ ಕೇಲ್! ನಿಮ್ಮ ಸೀನಿಯರ್ 1967ರ ಮೂಲಕ ತೋರಿಸಿದ ಊರಿಗೆ ಆಲ್ಬಂ ಹಿಂಬದಿಯ ಹೆಸರುಗಳನ್ನು ಓದಿದರೂ ತಲುಪಬಹುದಿತ್ತು.

ರೆಕಾರ್ಡ್ ಲೇಬಲ್ ಕೂಡ ಒಳ್ಳೇ ಸುಳಿವು. ಹಾರ್ಸ್‌ಗರ್ಲ್ ಇರುವ ಮ್ಯಾಟಡಾರ್ ಲೇಬಲ್‌ನಲ್ಲೇ ಯೋ ಲಾ ಟೆಂಗೋ ಎಂಬ ಬ್ಯಾಂಡ್ ಇದೆ. 1984ರಿಂದ ನಿಲ್ಲಿಸದೆ ನುಡಿಸುತ್ತಿರುವವರು. ಅವರ ‘ಫೇಕ್‌ಬುಕ್’ (1990) ಆಲ್ಬಂ ಬಹುತೇಕ ಬೇರೆಯವರ ಹಾಡುಗಳದ್ದು. ಕಿಂಕ್ಸ್ ಇದ್ದಾರೆ, ಕೇಲ್ ಇದ್ದಾರೆ, ಅಮೆರಿಕದ ಹಾಡುಗಾರ ಡೇನಿಯಲ್ ಜಾನ್‌ಸ್ಟನ್ ಇದ್ದಾರೆ. ಪ್ರತಿ ಹಾಡಿನ ಮೂಲ ಹುಡುಕುತ್ತಾ ಹೋದರೆ ನಿಮಗೆ ಆರು ತಿಂಗಳ ಕೆಲಸ. ಇನ್ನೊಂದು, ನ್ಯೂಜಿಲೆಂಡಿನ ಫ್ಲೈಯಿಂಗ್ ನನ್. 1981ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಶುರುವಾಯಿತು. ಅದರ ಮೊದಲ ದಿನಗಳ ಬ್ಯಾಂಡ್ ದಿ ಕ್ಲೀನ್, ಡನೀಡಿನ್ ಊರಿನವರು. 50-60 ಡಾಲರ್ ಖರ್ಚಿನಲ್ಲಿ ಮಾಡಿದ ಅವರ ಮೊದಲ ಸಿಂಗಲ್ ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಏರಿತು. ಅದೇ ವರ್ಷದ ‘ಬೂಡಲ್ ಬೂಡಲ್ ಬೂಡಲ್’ ನಾಲ್ಕು ಟ್ರ್ಯಾಕಿನ ಸಣ್ಣ ಯಂತ್ರದಲ್ಲಿ ರೆಕಾರ್ಡ್ ಆದದ್ದು. ಅದರಲ್ಲಿ ‘ಪಾಯಿಂಟ್ ದಟ್ ಥಿಂಗ್ ಸಮ್‌ವೇರ್ ಎಲ್ಸ್’ ಅಂತ ಐದು ನಿಮಿಷ ದಾಟುವ ಒಂದು ಹಾಡಿದೆ. ಗಿಟಾರ್ ಒಂದೇ ಸ್ವರದ ಸುತ್ತ ಸುತ್ತುತ್ತಲೇ ಇರುತ್ತದೆ. ವೆಲ್ವೆಟ್ಸ್‌ನ ಆ ಗುಂಗೇ. ಆದರೆ ಇಲ್ಲಿ ಅದು ಕಿವಿ ಕೊರೆಯುವುದಿಲ್ಲ, ಬಿಸಿಲಲ್ಲಿ ಓಡುತ್ತದೆ. ನಿಮಗೆ ತಲೆನೋವು ತಂದ ಸದ್ದನ್ನೇ ಇಲ್ಲಿ ನೀವು ಇಷ್ಟಪಡುತ್ತೀರಿ ಅಂತ ನನ್ನ ಬಲವಾದ ಊಹೆ.

ಮತ್ತೊಂದು ಸುಲಭದ ದಾರಿ, ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೋ ಯೂಟ್ಯೂಬಿನಲ್ಲಿ ಹಾಕುವ ನೇರ ಕಾರ್ಯಕ್ರಮಗಳು. ಯಾರ ಕೈ ಯಾವ ತಂತಿಯ ಮೇಲಿದೆ ಅಂತ ಕಣ್ಣಾರೆ ನೋಡಬಹುದು. ಬ್ಯಾಂಡ್‌ಗಳು ತಮ್ಮ ಹಾಡುಗಳನ್ನು ತಾವೇ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಇಷ್ಟವಾದ ಆಲ್ಬಂ ಸಿಕ್ಕಿದರೆ, ಕೈಯಲ್ಲಿ ಕಾಸಿದ್ದಾಗ ದುಡ್ಡು ಕೊಟ್ಟೇ ಕೊಳ್ಳಿ. ಸಣ್ಣ ಬ್ಯಾಂಡ್‌ಗಳಿಗೆ ಅದು ನೇರ ಸಹಾಯ. ಸಿಕ್ಕಿದ್ದನ್ನೆಲ್ಲ ಒಂದೇ ದಿನ ಕೇಳಿ ಮುಗಿಸಬೇಡಿ. ಒಂದು ಆಲ್ಬಂ ವಾರವಿಡೀ ಕೇಳಿ. ಮೂರನೇ ಸಲಕ್ಕೆ ಕೇಳಿಸುವುದು ಮೊದಲ ಸಲ ಕೇಳಿಸುವುದಿಲ್ಲ.

ಕ್ಲೀನ್ ಕೇಳಿದ ಮೇಲೆ ಒಂದು ಪತ್ರ ಹಾಕಿ. ನಿಮ್ಮದೇ ಹುಡುಕಾಟದಲ್ಲಿ ನಮ್ಮ ವಿಮರ್ಶಕರು ಇನ್ನೂ ಬರೆಯದ ಬ್ಯಾಂಡ್ ಯಾವುದಾದರೂ ಸಿಕ್ಕರೆ ಅದರ ಹೆಸರನ್ನೂ ಬರೆಯಿರಿ. ಅದರ ವಿಮರ್ಶೆಯನ್ನು ನಿಮ್ಮಿಂದಲೇ ಬರೆಸುವ ಆಸೆ ನನಗಿದೆ.

— ಸಂಪಾದಕ