ಪಿಯುಸಿ ಮುಗಿದಿದೆ, ಗಣಿತ ಶಿಕ್ಷಕರಾಗಲು ನಾಲ್ಕು ವರ್ಷದ ಬಿಎಸ್ಸಿ-ಬಿಎಡ್ ಸೇರುವ ಮೊದಲು ಏನು ಓದಿಕೊಳ್ಳಬೇಕು?

ಡಿಗ್ರಿಯ ಪಾಠವನ್ನು ಈಗಲೇ ಓದಲು ಹೋಗಬೇಡಿ. ಆರರಿಂದ ಹತ್ತನೇ ತರಗತಿಯ ಗಣಿತ ಪುಸ್ತಕ ತೆಗೆದು, ಪ್ರತಿ ನಿಯಮಕ್ಕೂ ‘ಯಾಕೆ?’ ಅಂತ ಕೇಳಿಕೊಳ್ಳಿ. ಪಿಯುಸಿಯಲ್ಲಿ, ಅದರಲ್ಲೂ ಸಿಇಟಿಗೆ ಓದುವಾಗ, ಬೇಗ ಉತ್ತರ ತೆಗೆಯುವುದನ್ನು ಕಲಿತಿರುತ್ತೇವೆ. ಡಿಗ್ರಿಯಲ್ಲಿ ಜಾಸ್ತಿ ಕೇಳುವುದು ಸಾಧನೆ, ಅಂದರೆ ಇದು ಯಾಕೆ ನಿಜ ಅಂತ ಹೆಜ್ಜೆ ಹೆಜ್ಜೆಯಾಗಿ ತೋರಿಸುವುದು, ಮುಂದೆ ತರಗತಿಯಲ್ಲಿ ಮಕ್ಕಳು ಕೇಳುವುದೂ ಅದನ್ನೇ.

ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಸುಮ್ನೆ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಹೀಗೆ ನೋಡಿ. 1 + (−1) ಅಂದರೆ 0. ಅದನ್ನು −1ರಿಂದ ಗುಣಿಸಿದರೂ 0 ಬರಬೇಕು. ಬಿಡಿಸಿ ಗುಣಿಸಿದರೆ ಮೊದಲ ಭಾಗ −1, ಹಾಗಾಗಿ ಎರಡನೇ ಭಾಗವಾದ (−1) × (−1) ಎಂಬುದು +1 ಆಗದೆ ಬೇರೆ ದಾರಿಯೇ ಇಲ್ಲ. ಎಷ್ಟು ಚೆನ್ನಾಗಿದೆ!

ಇದನ್ನು ಏಳನೇ ತರಗತಿಯ ತಂಗಿಗೋ ಪಕ್ಕದ ಮನೆ ಹುಡುಗನಿಗೋ ಹೇಳಿಕೊಡಿ, ನೀವು ಎಲ್ಲಿ ತಡವರಿಸುತ್ತೀರೋ ಅಲ್ಲೇ ನಿಮಗಿನ್ನೂ ಅರ್ಥವಾಗಿಲ್ಲ. ಭಿನ್ನರಾಶಿ ಭಾಗಿಸುವಾಗ ಯಾಕೆ ತಿರುಗಿಸಿ ಗುಣಿಸುತ್ತೇವೆ, √2 ಯಾಕೆ ಅಭಾಗಲಬ್ಧ (ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ), ಇವೆರಡನ್ನೂ ಖಂಡಿತ ನೋಡಿಕೊಳ್ಳಿ.