ಅಲಾಸ್ಕಾದಲ್ಲಿ ದೊಡ್ಡ ರಿವಾಲ್ವರ್ ಕೊಳ್ಳುವ ಮುನ್ನ

ಆಂಕರೇಜಿಗೆ ಬಂದು ಮೂರು ತಿಂಗಳಾಯಿತೆಂದೂ, ಬೇಸಿಗೆಯಲ್ಲಿ ಕೀನೈ ಕಡೆ ಮೀನು ಹಿಡಿಯಲು ಹೋಗುವ ಆಸೆಯಿದೆಯೆಂದೂ, ಕರಡಿಗಳ ವಿಷಯ ಎತ್ತಿದರೆ ಆಫೀಸಿನಲ್ಲಿ ಎಲ್ಲರೂ ಅರ್ಧ ಇಂಚು ದಪ್ಪದ ಗುಂಡಿನ .500 ಮ್ಯಾಗ್ನಮ್ ರಿವಾಲ್ವರನ್ನೇ ಕೊಳ್ಳಲು ಹೇಳುತ್ತಿದ್ದಾರೆಂದೂ ಬರೆದು, ಅವರ ಮಾತು ಕೇಳಬೇಕೇ ಎಂದು ವಿಚಾರಿಸಿದ್ದೀರಿ. ಬೇಡ ಎನ್ನುವುದೇ ನನ್ನ ಉತ್ತರ. ಪೂರ್ತಿ ಉಕ್ಕಿನಿಂದ ಮಾಡಿದ, ನಾಲ್ಕು ಇಂಚಿನ ಆಸುಪಾಸಿನ ನಳಿಗೆಯುಳ್ಳ, ಡಬಲ್ ಆಕ್ಷನ್ (ಟ್ರಿಗರ್ ಎಳೆದರೆ ಸಾಕು, ಈಡು ಹಾರುವ) .44 ಮ್ಯಾಗ್ನಮ್ ಕೊಳ್ಳಿ. ಹಾಗೆ ಏಕೆ ಹೇಳುತ್ತೇನೆಂಬುದನ್ನು ಮುಂದೆ ವಿವರವಾಗಿ ಬರೆಯುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ನೀವು ಯಾವ ವೀಸಾದ ಮೇಲೆ ಬಂದಿದ್ದೀರಿ ಎಂದು ಬರೆದಿಲ್ಲ.

ಎಚ್-1ಬಿ, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಒಂದೇ ಒಂದು ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಲಾಸ್ಕಾದಲ್ಲಿ 2003ರಿಂದ ಪರವಾನಗಿಯಿಲ್ಲದೆಯೇ ಕೈಬಂದೂಕು ಒಯ್ಯಬಹುದೆಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ನಿಜವೇ ಆದರೂ, ಕಾನೂನುಬದ್ಧವಾಗಿ ಬಂದೂಕು ಹೊಂದಬಲ್ಲವರಿಗೆ ಮಾತ್ರ ಅನ್ವಯಿಸುತ್ತದೆ, ಫೆಡರಲ್ ನಿಷೇಧವನ್ನು ಅದು ತೆಗೆದುಹಾಕುವುದಿಲ್ಲ. ಇದಕ್ಕೆ ಇರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್. ಆ ದಾರಿ ಹಿಡಿಯುವುದಾದರೆ ಮೊದಲು ವಲಸೆ ಕಾನೂನು ಬಲ್ಲ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಕೇಳಿ, ಮತ್ತು ಲೈಸೆನ್ಸಿನ ಕೊನೆಯ ದಿನಾಂಕವನ್ನು ಪಾಸ್‌ಪೋರ್ಟಿನ ದಿನಾಂಕದಷ್ಟೇ ಜೋಪಾನವಾಗಿ ನೆನಪಿಡಿ. ಗೆಳೆಯನ ಬಂದೂಕನ್ನು ಶೂಟಿಂಗ್ ರೇಂಜಿನಲ್ಲಿ ಸುಮ್ಮನೆ ಒಂದೆರಡು ಈಡು ಹೊಡೆದು ನೋಡಿದರೆ ಏನಾಗುತ್ತದೆ ಎಂದು ಉದಾಸೀನ ಮಾಡಬೇಡಿ. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದು ಶುರುವಾದದ್ದು, ವಿದ್ಯಾರ್ಥಿ ವೀಸಾದ ಆಧಾರ ಕಳೆದುಕೊಂಡಿದ್ದ ಯುವಕನೊಬ್ಬ ರೇಂಜಿಗೆ ಹೋಗಿ ಬಂದೂಕು ಹಿಡಿದದ್ದರಿಂದಲೇ.

ಗ್ರೀನ್ ಕಾರ್ಡ್ ಕೈಯಲ್ಲಿದ್ದರೆ ತೊಂದರೆಯಿಲ್ಲ; ಅರ್ಜಿ ಹಾಕಿ ಕಾಯುತ್ತಿರುವುದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಇಪ್ಪತ್ತೊಂದು ದಾಟಿದವರು ತಾವು ವಾಸವಿರುವ ರಾಜ್ಯದಲ್ಲಿನ, ಫೆಡರಲ್ ಪರವಾನಗಿ ಪಡೆದ ಅಂಗಡಿಯಲ್ಲಿ ಫಾರ್ಮ್ 4473 ತುಂಬಿ, ಹಿನ್ನೆಲೆಯ ತಪಾಸಣೆ ಮುಗಿಸಿ ಕೊಳ್ಳಬಹುದು. ಆ ಫಾರ್ಮನ್ನು ಅವಸರದಲ್ಲಿ ತುಂಬಬೇಡಿ. ಪೌರತ್ವದ ಪ್ರಶ್ನೆಗೆ ಅಮೆರಿಕದ ಪ್ರಜೆ ಎಂಬ ಚೌಕದಲ್ಲಿ ಗುರುತು ಹಾಕಿದರೆ, ನಿಮ್ಮ ಮಟ್ಟಿಗೆ ಅದೊಂದು ಕೈತಪ್ಪಾಗಿದ್ದರೂ, ಸುಳ್ಳು ಪೌರತ್ವ ಹೇಳಿಕೊಂಡ ಆರೋಪವಾಗಿ ಎದುರು ನಿಲ್ಲಬಹುದು. ಅದಾಗಲಿ ಬಂದೂಕಿಗೆ ಸಂಬಂಧಿಸಿದ ಅಪರಾಧವಾಗಲಿ ಗಡೀಪಾರಿನವರೆಗೆ ಒಯ್ಯಬಲ್ಲದು. ಹತ್ತಾರು ವರ್ಷ ಕಾದು ಕಟ್ಟಿಕೊಂಡ ಬದುಕು ಒಂದು ಚೌಕದ ಮೇಲೆ ನಿಂತಿರುತ್ತದೆ ಎಂಬುದನ್ನು ಇಲ್ಲಿಯೇ ಹುಟ್ಟಿ ಬೆಳೆದ ನಿಮ್ಮ ಸಹೋದ್ಯೋಗಿಗಳು ಯಾವತ್ತೂ ಯೋಚಿಸಬೇಕಾಗಿ ಬಂದಿಲ್ಲ. ಅವರ ಸಲಹೆಯಲ್ಲಿ ಆ ಭಾಗ ಇಲ್ಲದಿರುವುದು ಅದರಿಂದಲೇ.

ಇನ್ನು ರಿವಾಲ್ವರಿನ ವಿಷಯ. .44 ಮ್ಯಾಗ್ನಮ್ ತೋಟೆ ಬಂದದ್ದು 1955ರ ಹೊತ್ತಿಗೆ. ಅದರ ಗುಂಡು ಹೆಸರಿಗೆ .44 ಆದರೂ ಅಳತೆಯಲ್ಲಿ 0.429 ಇಂಚು, ಅಂದರೆ ಸುಮಾರು 10.9 ಮಿಲಿಮೀಟರ್. ಅದಕ್ಕಿಂತ ಮೇಲಿನ ಮೆಟ್ಟಿಲು .454 ಕ್ಯಾಸಲ್. ಸ್ಮಿತ್ ಅಂಡ್ ವೆಸನ್ 2003ರಲ್ಲಿ ಹೊರತಂದ .500 ಇನ್ನೂ ಮೇಲೆ. ಅರ್ಧ ಇಂಚು ದಪ್ಪದ ಗುಂಡಿನ ಆ ತೋಟೆಯ ಶಕ್ತಿ .44ರ ಎರಡು ಪಟ್ಟು ದಾಟುತ್ತದೆ. ಕಾಗದದ ಮೇಲೆ ನೋಡಿದರೆ ನಿಮ್ಮ ಗೆಳೆಯರ ಮಾತೇ ಸರಿ. ಆದರೆ ಕಂದು ಕರಡಿ ಓಡಿದರೆ ಗಂಟೆಗೆ 55 ಕಿಲೋಮೀಟರ್ ವೇಗ, ಅಂದರೆ ಸೆಕೆಂಡಿಗೆ ಹದಿನೈದು ಮೀಟರ್. ಮೂವತ್ತು ಮೀಟರ್ ದೂರದ ಪೊದೆಯಿಂದ ಅದು ಹೊರಬಿದ್ದರೆ ನಿಮಗೆ ಸಿಗುವುದು ಎರಡು ಸೆಕೆಂಡು. ಅಷ್ಟರಲ್ಲಿ ಒರೆಯಿಂದ ತೆಗೆದು, ಗುರಿ ಹಿಡಿದು, ಮೊದಲ ಈಡು ತಪ್ಪಿದರೆ ಎರಡನೆಯದನ್ನು ಹೊಡೆಯಬೇಕು. ಆ ಎರಡನೆಯ ಈಡಿನ ಮೇಲೆಯೇ ನನ್ನ ಇಡೀ ಆಯ್ಕೆ ನಿಂತಿದೆ. .500 ಒದ್ದಾಗ ನಳಿಗೆ ಆಕಾಶ ನೋಡುತ್ತದೆ. ಅದು ಕೆಳಗಿಳಿದು ಮತ್ತೆ ಗುರಿಗೆ ಬರುವ ಹೊತ್ತಿಗೆ ಹೊಸಬನ ಪಾಲಿನ ಸಮಯ ಮುಗಿದಿರುತ್ತದೆ. ತೋಟೆಗಳು ಕೂರುವ ತಿರುಗುವ ಸಿಲಿಂಡರಿನಲ್ಲಿ ಹಿಡಿಸುವುದು ಐದೇ, ನಾಲ್ಕು ಇಂಚಿನ ನಳಿಗೆಯದ್ದೂ ಸುಮಾರು ಒಂದು ಕಿಲೋ ಆರುನೂರು ಗ್ರಾಂ ತೂಗುತ್ತದೆ. ತೋಟೆಯ ಬೆಲೆಯೂ ಹೆಚ್ಚು, ಆದ್ದರಿಂದ ಕೊಂಡವರು ಅಭ್ಯಾಸ ಮಾಡುವುದೂ ಕಡಿಮೆ. ಹತ್ತು ಈಡು ಹೊಡೆದು, ಅಂಗೈ ಉಜ್ಜಿಕೊಂಡು, ಮನೆಗೆ ಒಯ್ದು ಕಪಾಟಿನಲ್ಲಿಟ್ಟವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಹಾಗೆಂದು ಹೊರಲು ಹಗುರವಾದದ್ದನ್ನು ಆರಿಸಬೇಡಿ. ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ಬೆಟ್ಟ ಹತ್ತುವಾಗ ಭಾರ ಬೇಡವೆಂದು ಮೊದಲಿಗೆ ನಾನು ಕೊಂಡದ್ದು ಮುಕ್ಕಾಲು ಕಿಲೋ ಕೂಡ ತೂಗದ, ಹಗುರ ಲೋಹದ .44. ರೇಂಜಿನಲ್ಲಿ ಭಾರೀ ಗುಂಡಿನ ತೋಟೆ ತುಂಬಿ ಮೂರು ಈಡು ಹೊಡೆದೆ. ನಾಲ್ಕನೆಯದಕ್ಕೆ ಟ್ರಿಗರ್ ಅಲುಗಲಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಕಾದು, ಪಕ್ಕದಿಂದ ಬಗ್ಗಿ ನೋಡಿದರೆ, ಉಳಿದ ತೋಟೆಗಳಲ್ಲಿ ಒಂದರ ಗುಂಡು ಹಿತ್ತಾಳೆಯ ಚಿಪ್ಪಿನಿಂದ ಮುಂದಕ್ಕೆ ಜಾರಿ ಸಿಲಿಂಡರಿನ ಬಾಯಿಂದ ಹೊರಗೆ ಇಣುಕುತ್ತಿತ್ತು. ಬೂದು ಬಣ್ಣದ ಸೀಸದ ಮೂತಿ, ಉಗುರಿನ ಅಂಚಿನಷ್ಟು. ಅಷ್ಟು ಸಾಕಾಗಿತ್ತು, ಅದು ಚೌಕಟ್ಟಿಗೆ ತಾಗಿ ಸಿಲಿಂಡರ್ ತಿರುಗದಂತೆ ಕಚ್ಚಿಕೊಂಡಿತ್ತು. ಬಂದೂಕು ಹಗುರವಾದಷ್ಟೂ ಒದೆತದಲ್ಲಿ ರಭಸವಾಗಿ ಹಿಂದಕ್ಕೆ ಚಿಮ್ಮುತ್ತದೆ, ತೋಟೆಯ ಚಿಪ್ಪು ಅದರೊಡನೆ ಹಿಂದಕ್ಕೆ ಹೋಗುತ್ತದೆ, ಭಾರದ ಗುಂಡು ಇದ್ದಲ್ಲೇ ಉಳಿಯುತ್ತದೆ. ಆ ಗುಂಡನ್ನು ಹಿಂದಕ್ಕೆ ತಳ್ಳಿ ಸಿಲಿಂಡರ್ ತೆರೆಯಲು ನನಗೆ ಹತ್ತು ನಿಮಿಷ ಹಿಡಿಯಿತು. ಕಾಡಿನಲ್ಲಿ ಹೀಗಾಗಿದ್ದರೆ ಎಂದು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ನನ್ನ ಬಳಿ ಇರುವುದು ಒಂದು ಕಿಲೋ ಇನ್ನೂರು ಗ್ರಾಂ ದಾಟುವ ಸ್ಟೇನ್‌ಲೆಸ್ ಉಕ್ಕಿನದ್ದು. ಆ ಭಾರವನ್ನು ಸೊಂಟದ ಮೇಲೆ ಹೊರಬೇಡಿ. ಬೆನ್ನುಚೀಲದ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ, ನೀರಿಗಿಳಿದರೆ ಒದ್ದೆಯಾಗುತ್ತದೆ. ಇಲ್ಲಿಯ ಮೀನುಗಾರರಂತೆ ಎದೆಯ ಮೇಲೆ ಅಡ್ಡಲಾಗಿ ಕಟ್ಟುವ ಒರೆ ಕೊಳ್ಳಿ.

ಡಬಲ್ ಆಕ್ಷನ್ ಏಕೆಂದರೆ, ಸಿಂಗಲ್ ಆಕ್ಷನ್ನಿನಲ್ಲಿ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಹ್ಯಾಮರ್, ಅಂದರೆ ತೋಟೆಗೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆ ಎಳೆಯಬೇಕು, ಬೆದರಿದ ಕೈಗೆ ಅದು ನೆನಪಾಗದು. ಅಂಗಡಿಯಲ್ಲಿ ಹಿಡಿದು ನೋಡುವಾಗ ಇದನ್ನು ಪರೀಕ್ಷಿಸಿ: ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿನ ಮೇಲೆ ಆರಾಮವಾಗಿ ಕೂರಬೇಕು, ಹಿಡಿಕೆಯ ಬೆನ್ನು ಮುಂಗೈಯ ನೇರಕ್ಕೆ ಬರಬೇಕು. ದೊಡ್ಡ ಚೌಕಟ್ಟಿನ ರಿವಾಲ್ವರುಗಳು ದೊಡ್ಡ ಕೈಗಳಿಗೆಂದೇ ಮಾಡಿದಂತಿರುತ್ತವೆ. ನಮ್ಮಲ್ಲಿ ಅನೇಕರ ಬೆರಳು ಟ್ರಿಗರಿಗೆ ತಲುಪಲು ಅಂಗೈಯನ್ನು ಪಕ್ಕಕ್ಕೆ ಹೊರಳಿಸಬೇಕಾಗುತ್ತದೆ, ಆಗ ಒದೆತ ಹೆಬ್ಬೆರಳಿನ ಬುಡದ ಮೂಳೆಗೆ ಬೀಳುತ್ತದೆ. ಹಾಗಾದರೆ ಹಿಡಿಕೆ ಬದಲಿಸಿ, ಅದರಿಂದಲೂ ಸರಿಹೋಗದಿದ್ದರೆ ಬೇರೆ ಬಂದೂಕು ನೋಡಿ. ಇಲ್ಲಿ ಬಹಳ ಜನ ಈಗ ಹತ್ತು ಮಿಲಿಮೀಟರಿನ ಪಿಸ್ತೂಲು ಒಯ್ಯುತ್ತಾರೆ, ಅದೂ ತಪ್ಪಲ್ಲ. ನೀವು ರಿವಾಲ್ವರ್ ಕೇಳಿದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

.44 ಮ್ಯಾಗ್ನಮ್ ಕೊಂಡವರಿಗಿರುವ ದೊಡ್ಡ ಅನುಕೂಲವೆಂದರೆ ಅದೇ ರಿವಾಲ್ವರಿನಲ್ಲಿ ಮೃದುವಾದ .44 ಸ್ಪೆಷಲ್ ತೋಟೆಯನ್ನೂ ಹೊಡೆಯಬಹುದು. ಮೊದಲ ಕೆಲವು ನೂರು ಈಡುಗಳನ್ನು ಸ್ಪೆಷಲ್ಲಿನಲ್ಲಿಯೇ ಹೊಡೆಯಿರಿ, ಹ್ಯಾಮರ್ ಎಳೆಯದೆ ಟ್ರಿಗರನ್ನೇ ಪೂರ್ತಿ ಎಳೆದು. ಸ್ಪೆಷಲ್ಲಿನ ಚಿಪ್ಪು ಮೂರು ಮಿಲಿಮೀಟರಿನಷ್ಟು ಗಿಡ್ಡ, ಹಾಗಾಗಿ ಸಿಲಿಂಡರಿನ ಒಳಗೆ ಅದರ ಮುಂದೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ಷಿನಿಂದ ತೆಗೆಯದಿದ್ದರೆ ಮ್ಯಾಗ್ನಮ್ ತೋಟೆ ಒಳಗೆ ಪೂರ್ತಿ ಇಳಿಯದೆ ಸಿಕ್ಕಿಕೊಳ್ಳುತ್ತದೆ. ಕಾಡಿಗೆ ಒಯ್ಯಲು ಗಟ್ಟಿ ಸೀಸದ, ಚಪ್ಪಟೆ ಮೂತಿಯ ಭಾರೀ ಗುಂಡಿರಲಿ. ಮೂತಿಯಲ್ಲಿ ಕುಳಿಯಿರುವ ಗುಂಡುಗಳು ಮೈಗೆ ತಾಗಿದೊಡನೆ ಅರಳಿ ಬೇಗ ನಿಂತುಬಿಡುತ್ತವೆ, ಕರಡಿಯ ಕೊಬ್ಬು ಮತ್ತು ಸ್ನಾಯುಗಳ ಆಳಕ್ಕೆ ಇಳಿಯುವುದಿಲ್ಲ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬೆಂಕಿಯಂಥ ಅನಿಲ ಚಿಮ್ಮುವುದರಿಂದ ಎಡಗೈ ಬೆರಳು ಎಂದಿಗೂ ಆ ಸಂದಿಯ ಬಳಿ ಹೋಗಕೂಡದು. ಕಿವಿಗೆ ಒಳಗೊಂದು ಹೊರಗೊಂದು, ಎರಡೂ ರಕ್ಷಣೆ ಹಾಕಿಕೊಳ್ಳಿ.

ಇಷ್ಟೆಲ್ಲ ಬರೆದ ಮೇಲೂ ಮೀನು ಹಿಡಿಯಲು ಹೋಗುವಾಗ ನನ್ನ ಕೈ ಮೊದಲು ಹೋಗುವುದು ಕರಡಿ ಸ್ಪ್ರೇಗೆ. ಅದನ್ನು ಒಯ್ಯಲು ಯಾವ ವೀಸಾದ ಅಡ್ಡಿಯೂ ಇಲ್ಲ, ಅಂದಾಜು ಒಂಬತ್ತು ಮೀಟರಿನವರೆಗೆ ಮೋಡದಂತೆ ಹರಡುವುದರಿಂದ ಗುರಿ ಸ್ವಲ್ಪ ತಪ್ಪಿದರೂ ಕೆಲಸ ಮಾಡುತ್ತದೆ. ಕರಡಿಯನ್ನು ಆತ್ಮರಕ್ಷಣೆಗೆಂದು ಕೊಂದರೆ ಅದರ ಚರ್ಮ ಮತ್ತು ತಲೆಬುರುಡೆ ಬಿಡಿಸಿ ರಾಜ್ಯಕ್ಕೆ ಒಪ್ಪಿಸಿ, ಹದಿನೈದು ದಿನಗಳೊಳಗೆ ಲಿಖಿತ ವರದಿ ಕೊಡುವುದು ನಿಮ್ಮದೇ ಹೊಣೆ. ಒಂದು ಜೀವ ತೆಗೆದ ನೋವು ಬೇರೆ.

ರಸ್ತೆಯ ಮೂಲಕ ಅಮೆರಿಕದ ಕೆಳಗಿನ ರಾಜ್ಯಗಳಿಗೆ ಹೋಗುವಾಗ ಕೆನಡಾ ದಾಟಬೇಕಾಗುತ್ತದೆ, ಅಲ್ಲಿ ಕಾಡುಪ್ರಾಣಿಗಳಿಂದ ರಕ್ಷಣೆಗೆಂದು ಪ್ರವಾಸಿಗರು ಕೈಬಂದೂಕು ತರುವಂತಿಲ್ಲ. ಭಾರತಕ್ಕೆ ಹೊರಡುವ ಮುನ್ನ ರೇಂಜಿಗೆ ಒಯ್ಯುವ ಚೀಲವನ್ನಾಗಲಿ ಜಾಕೆಟ್ಟನ್ನಾಗಲಿ ಪ್ರಯಾಣಕ್ಕೆ ಬಳಸಬೇಡಿ. ಜೇಬಿನ ಮೂಲೆಯಲ್ಲಿ ಮರೆತ ಒಂದು ತೋಟೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಪ್ರಕರಣವಾಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಂದು ಬರೆದಿದ್ದೀರಿ, ಆದ್ದರಿಂದ ರಿವಾಲ್ವರಿಗಿಂತ ಮೊದಲೇ ಉಕ್ಕಿನ ಬೀಗದ ಪೆಟ್ಟಿಗೆ ಮನೆಗೆ ಬರಲಿ.

ನಿಮ್ಮ ವೀಸಾ ಯಾವುದೆಂದು ತಿಳಿಸಿ. ಗ್ರೀನ್ ಕಾರ್ಡ್ ಆಗಿದ್ದರೆ ಅಂಗಡಿಗೆ ಹೋಗುವ ಮುಂಚೆ ಒಂದು ಶನಿವಾರ ನನ್ನೊಡನೆ ರೇಂಜಿಗೆ ಬನ್ನಿ. ನನ್ನ ರಿವಾಲ್ವರಿನಲ್ಲಿ ಐದು ಸ್ಪೆಷಲ್ ಮತ್ತು ಒಂದು ಮ್ಯಾಗ್ನಮ್ ತುಂಬಿ, ಯಾವುದು ಎಲ್ಲಿದೆಯೆಂದು ಹೇಳದೆ ನಿಮ್ಮ ಕೈಗೆ ಕೊಡುತ್ತೇನೆ. ಆ ಒಂದರ ನಂತರದ ಈಡು ಹಲಗೆಯ ಎಲ್ಲಿ ಬೀಳುತ್ತದೆಂದು ನೋಡಿ, ಏನು ಕೊಳ್ಳಬೇಕೆಂದು ಆಮೇಲೆ ಮಾತನಾಡೋಣ.